ಪಿಎಚ್.ಡಿ. ಮುಗಿದ ಮೇಲೆ ಮುಂದೇನು?

ಕೊಯಮತ್ತೂರು ಜಿಲ್ಲೆಯ ಸೂಲೂರು ತಾಲೂಕು ವಿದ್ಯುತ್ ಮಗ್ಗಗಳ ಸೀಮೆ. ಕನ್ನಡ ಮನೆಮಾತಿನ ದೇವಾಂಗ ಕುಟುಂಬಗಳು ಆ ಜಿಲ್ಲೆಯಲ್ಲಿ ತಲೆಮಾರುಗಳಿಂದ ನೆಲೆಸಿವೆ. ನಮ್ಮಂತೆಯೇ ಅವರಿಗೂ ಮನೆಯಲ್ಲೊಂದು ನುಡಿ, ಹೊರಗೊಂದು ನುಡಿ.

ಇಂತಹ ಮನೆಯ ಮಗನೋ ಮಗಳೋ ಆರೋಗ್ಯ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರೆ ಎಲ್ಲರಿಗೂ ಸಂತೋಷ. ಆದರೆ ಕಷ್ಟ ಆರಂಭವಾಗುವುದೇ ಆಮೇಲೆ. ವಯಸ್ಸು ಮೂವತ್ತು ದಾಟಿದರೂ ಇನ್ನೊಬ್ಬರ ಪ್ರಯೋಗಾಲಯದಲ್ಲಿ ತಾತ್ಕಾಲಿಕ ದುಡಿಮೆ, ಖಾಯಂ ಹುದ್ದೆಯಿಲ್ಲ.

ಈ ಕಂದಕ ದಾಟಿಸಲೆಂದೇ ಕೆಲವು ಅನುದಾನಗಳಿವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2006ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಎರಡು ಹಂತ: ಮಾರ್ಗದರ್ಶಕರ ಬಳಿ ಗರಿಷ್ಠ 2 ವರ್ಷ, ಅಧ್ಯಾಪಕ ಹುದ್ದೆ ದೊರೆತ ಮೇಲೆ ಸ್ವತಂತ್ರವಾಗಿ 3 ವರ್ಷ. ನಮ್ಮಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟಿನೊಡನೆ 2008-09ರಲ್ಲಿ ಇದಕ್ಕೆ ಹೋಲುವ ಫೆಲೋಶಿಪ್‌ಗಳನ್ನು ಆರಂಭಿಸಿತು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೆಯ ಹಂತದ ಮೊತ್ತ 1500 ಕೋಟಿ ರೂ.; ಇಲಾಖೆಯ ಪಾಲು 1000 ಕೋಟಿ, ಟ್ರಸ್ಟಿನದು 500 ಕೋಟಿ. ವಿದೇಶದಿಂದ ಮರಳುವವರಿಗಾಗಿ ಇದೇ ಇಲಾಖೆ ರೂಪಿಸಿದ ಫೆಲೋಶಿಪ್‌ಗೆ ಡಾ. ರಾಮಲಿಂಗಸ್ವಾಮಿಯವರ ಹೆಸರಿದೆ. ಅಯೋಡಿನ್ ಬೆರೆತ ಉಪ್ಪು ಗಳಗಂಡವನ್ನು ತಡೆಯುವುದೆಂದು ಕಾಂಗ್ರಾ ಕಣಿವೆಯಲ್ಲಿ ತೋರಿಸಿಕೊಟ್ಟವರು ಅವರು.

ಆಯ್ಕೆ ಕಠಿಣ, ಪಿಎಚ್.ಡಿ. ಬಳಿಕದ ಅನುಭವಕ್ಕೂ ವರ್ಷಗಳ ಮಿತಿಯುಂಟು. ಆದುದರಿಂದ ಪ್ರಬಂಧ ಬರೆಯುತ್ತಿರುವಾಗಲೇ ವಿಚಾರಿಸಿಕೊಳ್ಳುವುದು ಲೇಸು. ಹಿರಿಯರೂ ಸ್ವಲ್ಪ ತಾಳ್ಮೆ ವಹಿಸಬೇಕು.