ಟಪಾಲು ಪೆಟ್ಟಿಗೆ: ಮನೆಯದು ಮತ್ತು ಊರಿನದು



ಹಿಂದಿನ ಹಂಗಾಮಿನಲ್ಲಿ ಒಬ್ಬ ಸಭಾಸದರಿಗೆ ಮಣ್ಣು ಪರೀಕ್ಷೆಯ ವರದಿಯನ್ನು ಟಪಾಲಿನಿಂದ ಕಳಿಸಿದ್ದೆವು. ನಾನು ಅವರ ತೋಟಕ್ಕೆ ಹೋದಾಗ ನಾಟಿ ಮುಗಿದು, ಗೊಬ್ಬರವನ್ನು ಅಂದಾಜಿನ ಮೇಲೆ ಹಾಕಿಯಾಗಿತ್ತು. ವರದಿ ಊರೊಳಗಿನ ಚಹದಂಗಡಿಯಲ್ಲಿ ಬಿದ್ದಿತ್ತು. ಟಪಾಲು ಊರಿಗೆ ಬಂದಿತ್ತು, ವಸ್ತಿಗೆ ಮುಟ್ಟಿರಲಿಲ್ಲ.

ತೋಟದ ವಸ್ತಿಯಲ್ಲಿರುವವರು ಸ್ವಂತ ಪೆಟ್ಟಿಗೆ ಇಡುವುದು ಇದಕ್ಕೆ ಸುಲಭ ಉಪಾಯ. ಪೋಸ್ಟ್ ಮಾಸ್ತರರನ್ನು ಕೇಳಿ, ವಸ್ತಿಯ ಹಾದಿ ರಸ್ತೆಗೆ ಕೂಡುವಲ್ಲಿ ಎದೆಯೆತ್ತರಕ್ಕೆ ಕೂಡಿಸಿರಿ. ತಗಡಿನದು ಸಾಕು. ಉದ್ದ ಲಕೋಟೆ ಮಡಚದೆ ಹೋಗುವಂತೆ ಬಾಯಿ ಹತ್ತು ಇಂಚು ಅಗಲವಿರಲಿ. ಮೇಲೆ ಇಳಿಜಾರು ಮುಚ್ಚಳ, ತಳದಲ್ಲಿ ನೀರು ಬಸಿಯಲು ಎರಡು ತೂತು, ಒಂದು ಕೀಲಿ ಬೇಕು. ಹೆಸರನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಯಿಸಿರಿ. ದಿನಕ್ಕೊಮ್ಮೆ ತೆಗೆದು ನೋಡುವ ಕೆಲಸವನ್ನು ಮನೆಯ ಒಬ್ಬರಿಗೆ ಒಪ್ಪಿಸಿರಿ. ಸಹಿ ಮಾಡಿ ಪಡೆಯಬೇಕಾದ ಟಪಾಲು ಮಾತ್ರ ಪೆಟ್ಟಿಗೆಯಲ್ಲಿ ಬೀಳುವುದಿಲ್ಲ, ಕೈಗೇ ಬರುತ್ತದೆ.

ಊರಿನ ಕೆಂಪು ಪೆಟ್ಟಿಗೆ ನಾವು ಕಳಿಸುವ ಟಪಾಲಿಗೆ. ಅದನ್ನು ತೆರೆಯುವ ವೇಳೆಯನ್ನು ಪೆಟ್ಟಿಗೆಯ ಮೇಲೆ ಓದಿಕೊಳ್ಳಿರಿ. ಆ ವೇಳೆ ದಾಟಿದ ಮೇಲೆ ಹಾಕಿದ ಕಾಗದ ಮುಂದಿನ ಸಲ ತೆರೆಯುವವರೆಗೆ ಅಲ್ಲಿಯೇ ಉಳಿಯುತ್ತದೆ.

ಇನ್ನೊಂದು ಮಾತು. ಪೆಟ್ಟಿಗೆ ಕಾಗದ ನುಂಗುತ್ತದೆ, ಪಾವತಿ ಕೊಡುವುದಿಲ್ಲ. ಕ್ಷೇಮಸಮಾಚಾರದ ಕಾಗದ ಪೆಟ್ಟಿಗೆಗೆ ಹಾಕಿರಿ. ಶೇರು ವರ್ಗಾವಣೆ, ವಾರಸದಾರರ ಅರ್ಜಿ, ತೂಕದ ತಕರಾರು, ಮುದ್ದತು ಇರುವ ಯಾವುದೇ ಕಾಗದವನ್ನು ಪೋಸ್ಟ್ ಆಫೀಸಿನಲ್ಲಿಯೇ ಕೊಟ್ಟು ಪಾವತಿ ಪಡೆಯಿರಿ. 2025ರಲ್ಲಿ ರಜಿಸ್ಟರ್ ಟಪಾಲು ಸ್ಪೀಡ್ ಪೋಸ್ಟಿನಲ್ಲಿ ಕೂಡಿದೆ. ಆದ್ದರಿಂದ ಈಗ ಸ್ಪೀಡ್ ಪೋಸ್ಟ್ ಎಂದು ಕೇಳಿರಿ.

ವಿಳಾಸದಲ್ಲಿ ಪಿನ್ ಬಿಡಬೇಡಿರಿ. 1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿಗಳು ನಮ್ಮಂಥ ಗಡಿನಾಡಿಗೆ ಬಹಳ ಉಪಯುಕ್ತ. ಒಂದೇ ಹೆಸರಿನ ಊರು ಗಡಿಯ ಆಚೆಗೂ ಇರಬಹುದು. ಅಕ್ಕಲಕೋಟೆಯ ಪಿನ್ 413ರಿಂದ, ಜತ್ತದ್ದು 416ರಿಂದ, ಇಂಡಿಯದು 586ರಿಂದ, ಆಳಂದದ್ದು 585ರಿಂದ ಆರಂಭವಾಗುತ್ತದೆ. ಒಂದು ಅಂಕಿ ತಪ್ಪಿದರೆ ಕಾಗದ ಬೇರೆ ರಾಜ್ಯಕ್ಕೆ ಹೋದೀತು.

ಊರು ಬಿಟ್ಟು ವಸ್ತಿಗೆ ಬಂದವರ ವಿಳಾಸ ಕಾರಖಾನೆಯ ದಫ್ತರದಲ್ಲಿ ಹಳೆಯದೇ ಇದ್ದರೆ ಪೆಟ್ಟಿಗೆ ಇಟ್ಟೂ ಫಲವಿಲ್ಲ. ಸರ್ವಸಾಧಾರಣ ಸಭೆಯ ನೋಟೀಸು ಆ ಹಳೆಯ ವಿಳಾಸಕ್ಕೇ ಹೋಗುತ್ತದೆ. ಈ ವಾರವೇ ಗಟ ಕಚೇರಿಗೆ ಬಂದು ವಿಳಾಸ ತಿದ್ದಿಸಿಕೊಳ್ಳಿರಿ.

— ಕಬ್ಬು ಅಭಿವೃದ್ಧಿ ಅಧಿಕಾರಿ