ರಾತ್ರಿ ಬ್ಯಾಟರಿ ಖಾಲಿ ಮಾಡಿದ್ದು ಯಾರು?

ಪುಂಜಾಲಕಟ್ಟೆಯ ಒಂದು ಮನೆ. ಅಂಗಳದಲ್ಲಿ ಹಳೇ ಜೀಪು. ಬೆಳಗಿನ ಜಾವ ಸೊಸೆಗೆ ಹೆರಿಗೆ ನೋವು ಬಂತು ಅನ್ನಿ. ಬಂಟ್ವಾಳದ ಆಸ್ಪತ್ರೆಗೆ ಹೋಗಬೇಕು. ಜೀಪು 'ಟಕ್' ಅಂದು ಸುಮ್ಮನಾಯಿತು. ಸಂಜೆ ಚೆನ್ನಾಗಿ ಓಡಿತ್ತಲ್ಲ?

ಎಲ್ಲೋ ಕರೆಂಟು ಸೋರುತ್ತಿದೆ, ತೂತು ಕೊಡಪಾನದ ನೀರಿನ ಹಾಗೆ.

ಹಗಲು ಹುಡುಕೋಣ. ಅಕ್ಕಾ, ಮೊದಲು ಬಳೆ, ಉಂಗುರ ತೆಗೆದಿಡಿ. ಬೀಡಿ, ಬೆಂಕಿ ಹತ್ತಿರ ಬೇಡ. ಕೀ ತೆಗೆಯಿರಿ. ದೀಪ ಆರಿಸಿ. ಬ್ಯಾಟರಿಯ ಮೈನಸ್ ವಯರು ಬಿಚ್ಚಿ. ಆ ವಯರಿಗೂ ಬ್ಯಾಟರಿಯ ಮೈನಸ್ ತುದಿಗೂ ನಡುವೆ 12 ವೋಲ್ಟಿನ ಸಣ್ಣ ಬಲ್ಬು ಜೋಡಿಸಿ. ಬಲ್ಬು ಉರಿಯಿತೇ? ಕಳ್ಳ ಒಳಗಿದ್ದಾನೆ! ಒಂದೊಂದೇ ಫ್ಯೂಸು ತೆಗೆದು ನೋಡಿ. ಯಾವುದು ತೆಗೆದಾಗ ಬಲ್ಬು ಆರಿತೋ, ಆ ಲೈನಿನಲ್ಲೇ ಕಳ್ಳ. ಹಾರನ್ನೋ, ಒಳಗಿನ ದೀಪವೋ ಇರಬಹುದು. ಬಲ್ಬು ಉರಿಯದಿದ್ದರೆ ಬ್ಯಾಟರಿಗೇ ವಯಸ್ಸಾಗಿರಬಹುದು.

ರಿಪೇರಿ ಆಗುವ ತನಕ ರಾತ್ರಿ ಮೈನಸ್ ವಯರು ಬಿಚ್ಚಿಡಿ.