ಜಗಳವಿಲ್ಲದೆ ಮುಗಿದ ಲೀಗ್

2020ರ ಮಾರ್ಚ್ 10ರ ಮಂಗಳವಾರ ಪಶ್ಚಿಮ ಬಂಗಾಳದ ಕಲ್ಯಾಣಿ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ತಂಡ ಐಜ್ವಾಲ್ ಎಫ್‌ಸಿಯನ್ನು 1–0 ಅಂತರದಿಂದ ಮಣಿಸಿತು. ಪಾಪಾ ಬಾಬಾಕಾರ್ ದಿಯಾವರಾ 80ನೇ ನಿಮಿಷದಲ್ಲಿ ಹೊಡೆದ ಆ ಒಂದು ಗೋಲಿನಿಂದ, ಇನ್ನೂ ನಾಲ್ಕು ಪಂದ್ಯ ಬಾಕಿ ಇರುವಾಗಲೇ, ಫುಟ್‌ಬಾಲಿನ ಐ-ಲೀಗ್ ಪ್ರಶಸ್ತಿ ಅವರದಾಯಿತು. ಅದೇ ರಾತ್ರಿ ನಮ್ಮ ರಾಯಚೂರು ಜಿಲ್ಲೆಯ ವಿಭಾಗ ಕೇಂದ್ರವಾದ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅದು ಭಾರತದಲ್ಲಿ ಕೋವಿಡ್‌ಗೆ ಸಂದ ಮೊದಲ ಜೀವ ಎಂಬುದು ಎರಡು ದಿನಗಳ ನಂತರ ಖಚಿತವಾಯಿತು. ಮಾರ್ಚ್ 13ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮಾಲ್, ಚಿತ್ರಮಂದಿರ, ಜಾತ್ರೆ, ಕ್ರೀಡಾಕೂಟಗಳನ್ನು ಒಂದು ವಾರ ನಿಲ್ಲಿಸುವುದಾಗಿ ಪ್ರಕಟಿಸಿದರು. ಮರುದಿನ ಗೋವಾದ ಫತೋರ್ಡಾದಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್ ಖಾಲಿ ಗ್ಯಾಲರಿಗಳ ಮುಂದೆ ನಡೆದು, ಎಟಿಕೆ 3–1ರಿಂದ ಚೆನ್ನೈಯಿನ್ ತಂಡವನ್ನು ಸೋಲಿಸಿತು. ಆ ಎಟಿಕೆಯೇ ಆರು ದಿನ ಮೊದಲು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಬೆಂಗಳೂರು ಎಫ್‌ಸಿಯನ್ನು ಸೆಮಿಫೈನಲ್‌ನಿಂದ ಹೊರದಬ್ಬಿತ್ತು. ಮಾರ್ಚ್ 15ಕ್ಕೆ ನಿಗದಿಯಾಗಿದ್ದ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಡರ್ಬಿ ನಡೆಯಲೇ ಇಲ್ಲ. ಇನ್ನೊಂದು ವಾರದಲ್ಲಿ ಪ್ರಯಾಣಿಕರ ರೈಲುಗಳೂ ನಿಂತು, ರಾಯಚೂರು–ಗುಂತಕಲ್ ಹಳಿಯ ಮೇಲಿರುವ ಮಟಮಾರಿಯಂಥ ಸಣ್ಣ ನಿಲ್ದಾಣಗಳು ಬಿಕೋ ಎನ್ನತೊಡಗಿದವು. ಏಪ್ರಿಲ್ 18ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಲೀಗ್ ಸಮಿತಿ ಸಭೆ ಸೇರಿ, ಉಳಿದ 28 ಪಂದ್ಯಗಳನ್ನು ಕೈಬಿಟ್ಟು ಋತುವನ್ನು ಮುಗಿಸಲು ಶಿಫಾರಸು ಮಾಡಿತು. ಮೋಹನ್ ಬಾಗಾನ್ ಚಾಂಪಿಯನ್, ಯಾರಿಗೂ ಹಿಂಬಡ್ತಿ ಇಲ್ಲ, ಚಾಂಪಿಯನ್ ತಂಡದ ಪಾಲನ್ನು ಬಿಟ್ಟು ಉಳಿದ ಬಹುಮಾನದ ಹಣ ಮಿಕ್ಕ ಹತ್ತು ತಂಡಗಳಿಗೆ ಸಮನಾಗಿ.

ತೀರ್ಮಾನ ನ್ಯಾಯವಾಗಿಯೇ ಇತ್ತು. ಮೋಹನ್ ಬಾಗಾನ್ 16 ಪಂದ್ಯಗಳಿಂದ 39 ಪಾಯಿಂಟ್ ಗಳಿಸಿತ್ತು. ತಮ್ಮ ಪಾಲಿನ ಉಳಿದ ಪಂದ್ಯಗಳನ್ನೆಲ್ಲ ಗೆದ್ದರೂ ಬೇರಾವ ತಂಡವೂ ಅವರನ್ನು ಮುಟ್ಟುವಂತಿರಲಿಲ್ಲ. ಆದರೆ ಅದೇ ತಿಂಗಳುಗಳಲ್ಲಿ ಯುರೋಪಿನಲ್ಲಿ ನಡೆದದ್ದನ್ನು ಪಕ್ಕಕ್ಕಿಟ್ಟು ನೋಡಿದರೆ ನಮ್ಮ ಲೀಗಿನ ಈ ಶಾಂತಿ ಪ್ರಶ್ನೆಯಾಗಿ ಕಾಣುತ್ತದೆ. ಫ್ರಾನ್ಸಿನಲ್ಲಿ ಹತ್ತು ಸುತ್ತು ಬಾಕಿ ಇರುವಾಗ ಋತು ಮುಗಿಸಿ ಆಮಿಯಾನ್ ಮತ್ತು ತುಲೂಸ್ ತಂಡಗಳನ್ನು ಕೆಳಗಿಳಿಸಿದಾಗ ವಿವಾದ ಅಲ್ಲಿನ ಅತ್ಯುನ್ನತ ಆಡಳಿತಾತ್ಮಕ ನ್ಯಾಯಾಲಯದವರೆಗೆ ಹೋಯಿತು. ಸ್ಕಾಟ್ಲೆಂಡಿನಲ್ಲಿ ಪ್ರತಿ ಪಂದ್ಯದ ಸರಾಸರಿ ಪಾಯಿಂಟ್ ಲೆಕ್ಕದಲ್ಲಿ ಕೆಳಗಿಳಿದ ಹಾರ್ಟ್ಸ್ ಕ್ಲಬ್ ಮಧ್ಯಸ್ಥಿಕೆ ಮಂಡಳಿಯವರೆಗೆ ಹೋರಾಡಿ ಸೋತಿತು. ನೆದರ್ಲೆಂಡ್ಸ್‌ನಲ್ಲಿ ಚಾಂಪಿಯನ್ ಇಲ್ಲ, ಬಡ್ತಿ ಇಲ್ಲ, ಹಿಂಬಡ್ತಿಯೂ ಇಲ್ಲ ಎಂದಾಗ ಎರಡನೇ ದರ್ಜೆಯ ಅಗ್ರಸ್ಥಾನದಲ್ಲಿದ್ದ ಕಾಂಬ್ಯೂರ್ ಕೋರ್ಟ್ ಮೆಟ್ಟಿಲೇರಿತು. ಅಲ್ಲಿಯವರು ಕೋರ್ಟಿಗೆ ಹೋದದ್ದು ಮೊಂಡುತನದಿಂದಲ್ಲ, ಇಲ್ಲಿಯವರು ಸುಮ್ಮನಿದ್ದದ್ದು ಸಹನೆಯಿಂದಲೂ ಅಲ್ಲ. ಅಲ್ಲಿ ಒಂದು ಸ್ಥಾನ ಮೇಲೇರುವುದಕ್ಕೂ ಕೆಳಗಿಳಿಯುವುದಕ್ಕೂ ಬೆಲೆ ಇತ್ತು. ನಮ್ಮ ಐ-ಲೀಗಿನಲ್ಲಿ ಅಷ್ಟು ಹೊತ್ತಿಗೆ ಜಗಳವಾಡಿ ಗಳಿಸಿಕೊಳ್ಳುವಂಥದ್ದು ಉಳಿದೇ ಇರಲಿಲ್ಲ. ಪಂದ್ಯಗಳನ್ನು ನಿಲ್ಲಿಸಿದ್ದು ಸಾಂಕ್ರಾಮಿಕ. ಇಷ್ಟು ಸಲೀಸಾಗಿ ನಿಲ್ಲಿಸಬಹುದಾದ ಸ್ಥಿತಿಯನ್ನು ತಂದಿಟ್ಟಿದ್ದು ಅದಕ್ಕೂ ಮುಂಚಿನ ಹತ್ತು ವರ್ಷಗಳು.

ಆ ಹತ್ತು ವರ್ಷಗಳ ಕಥೆಯನ್ನು ಬೆಂಗಳೂರಿನ ಎರಡು ತಂಡಗಳ ಮೂಲಕವೇ ಹೇಳಬಹುದು. ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯ ತಂಡ, ಅಂದರೆ ಎಲ್ಲರೂ ಎಚ್‌ಎಎಲ್ ಎಂದೇ ಕರೆಯುತ್ತಿದ್ದ ತಂಡ, 2010ರಲ್ಲಿ ಎರಡನೇ ಡಿವಿಷನ್ನಿನಲ್ಲಿ ಆಡಿ ಐ-ಲೀಗಿಗೆ ಬಡ್ತಿ ಪಡೆಯಿತು. ಎರಡು ಋತು ಆಡಿ 2012ರಲ್ಲಿ ಕೆಳಗಿಳಿಯಿತು. ಏರಿದ್ದೂ ಇಳಿದದ್ದೂ ಮೈದಾನದಲ್ಲಿ. ಮರುವರ್ಷ ಬಂದ ಬೆಂಗಳೂರು ಎಫ್‌ಸಿ ಹೀಗೆ ಬರಲಿಲ್ಲ. ಹೊಸ ತಂಡಗಳಿಗಾಗಿ ಫೆಡರೇಷನ್ ಬಿಡ್ ಕರೆದಾಗ ಜೆಎಸ್‌ಡಬ್ಲ್ಯು ಸಮೂಹ ಹಕ್ಕು ಪಡೆದು 2013ರಲ್ಲಿ ತಂಡವನ್ನು ನೇರವಾಗಿ ಉನ್ನತ ಲೀಗಿಗೇ ಇಳಿಸಿತು. ತಂಡ ಮೊದಲ ಋತುವಿನಲ್ಲೇ ಚಾಂಪಿಯನ್ ಆಯಿತು, 2015–16ರಲ್ಲಿ ಮತ್ತೊಮ್ಮೆ ಗೆದ್ದಿತು. ಸುನೀಲ್ ಚೆಟ್ರಿ ನಾಯಕತ್ವದ ಆ ತಂಡ ಕಂಠೀರವ ಕ್ರೀಡಾಂಗಣಕ್ಕೆ ತಂದ ಜನ, ಹುರುಪು, ಶಿಸ್ತು ಕನ್ನಡ ನಾಡಿನ ಫುಟ್‌ಬಾಲಿಗೆ ಸಿಕ್ಕ ದೊಡ್ಡ ಕೊಡುಗೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲು ಬದಲಾದದ್ದನ್ನು ಗಮನಿಸಬೇಕು. ಫೆಡರೇಷನ್ 2010ರಲ್ಲೇ ಭಾರತೀಯ ಫುಟ್‌ಬಾಲಿನ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಗಳ ಅವಧಿಗೆ 700 ಕೋಟಿ ರೂಪಾಯಿಗೆ ಐಎಂಜಿ–ರಿಲಯನ್ಸ್‌ಗೆ ವಹಿಸಿತ್ತು. ಆ ಒಪ್ಪಂದದ ಫಲವಾಗಿ 2014ರಲ್ಲಿ ಫ್ರಾಂಚೈಸಿಗಳ ಸೂಪರ್ ಲೀಗ್ ಹುಟ್ಟಿತು, ಬಡ್ತಿ–ಹಿಂಬಡ್ತಿ ಎರಡೂ ಇಲ್ಲದ ಲೀಗ್. ಬೆಂಗಳೂರು ಎಫ್‌ಸಿ 2017ರಲ್ಲಿ ಅಲ್ಲಿಗೆ ಹೋಯಿತು. ಏಷ್ಯಾ ಫುಟ್‌ಬಾಲ್ ಒಕ್ಕೂಟದ ಸಮ್ಮುಖದಲ್ಲಿ 2019ರ ಅಕ್ಟೋಬರ್‌ನಲ್ಲಿ ಕೌಲಾಲಂಪುರದಲ್ಲಿ ನಡೆದ ಮಾತುಕತೆಯಲ್ಲಿ ಸೂಪರ್ ಲೀಗೇ ದೇಶದ ಅಗ್ರ ಲೀಗ್ ಎಂದಾಯಿತು. ಐ-ಲೀಗ್ ಗೆದ್ದವರಿಗೆ ಮೇಲೇರುವ ಹಾದಿ 2022–23ರ ಋತುವಿನಿಂದಷ್ಟೇ ತೆರೆಯುತ್ತದೆ ಎಂದು ಬರೆಯಲಾಯಿತು.

ಹಾಗಾಗಿ ಸಾಂಕ್ರಾಮಿಕ ಬಂದೆರಗಿದ 2019–20ರ ಐ-ಲೀಗ್, ಗೆದ್ದರೂ ಎಲ್ಲಿಗೂ ಏರದ ಲೀಗ್ ಆಗಿತ್ತು. ಮೋಹನ್ ಬಾಗಾನ್ ಅಂತೂ ಜನವರಿಯಲ್ಲೇ ತನ್ನ ಫುಟ್‌ಬಾಲ್ ಘಟಕದ ಶೇ 80ರಷ್ಟು ಪಾಲನ್ನು ಎಟಿಕೆಯ ಮಾಲೀಕರಿಗೆ ಕೊಡುವುದಾಗಿ ಪ್ರಕಟಿಸಿ, ಮುಂದಿನ ಋತುವಿಗೆ ಸೂಪರ್ ಲೀಗ್ ಸೇರುವುದನ್ನು ಗೊತ್ತುಮಾಡಿಕೊಂಡಿತ್ತು. ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಸಹ ಹೊಸ ಹೂಡಿಕೆದಾರರ ಜೊತೆ ಅಲ್ಲಿಗೇ ಹೋಯಿತು. ಮೇಲೆ ಹೋಗುವವರು ಪಾಯಿಂಟ್ ಪಟ್ಟಿಯಿಂದಾಚೆ ಹೋಗುತ್ತಿದ್ದರು, ಕೆಳಗೆ ಯಾರೂ ಇಳಿಯುತ್ತಿರಲಿಲ್ಲ. ಇನ್ನು 28 ಪಂದ್ಯಗಳಿಗಾಗಿ ಕೋರ್ಟಿಗೆ ಹೋಗುವವರಾದರೂ ಯಾರು?

ನಿಜವಾದ ಪ್ರಶ್ನೆ ಇದ್ದದ್ದು ಇದಕ್ಕೂ ಒಂದು ಮೆಟ್ಟಿಲು ಕೆಳಗೆ, ಪತ್ರಿಕೆಗಳಲ್ಲಿ ಒಂದು ಕಾಲಂ ಸುದ್ದಿಯೂ ಆಗದ ಎರಡನೇ ಡಿವಿಷನ್ನಿನಲ್ಲಿ. ಆ ಲೀಗೂ ಮಾರ್ಚ್‌ನಲ್ಲಿ ನಡುವೆಯೇ ನಿಂತಿತು. ಬೆಂಗಳೂರು ಎಫ್‌ಸಿಯದೂ ಸೇರಿದಂತೆ ಸೂಪರ್ ಲೀಗ್ ಕ್ಲಬ್‌ಗಳ ಮೀಸಲು ತಂಡಗಳು ಅಲ್ಲಿ ಆಡುತ್ತಿದ್ದವು, ಅವುಗಳಿಗೆ ಬಡ್ತಿಯ ಅರ್ಹತೆ ಇರಲಿಲ್ಲ. ಅರ್ಹತೆ ಇದ್ದದ್ದು ಸ್ವತಂತ್ರ ಕ್ಲಬ್‌ಗಳಿಗೆ, ಅವುಗಳಲ್ಲಿ ಒಂದು ಎಫ್‌ಸಿ ಬೆಂಗಳೂರು ಯುನೈಟೆಡ್. ಇಲ್ಲಿ ಯಾರೂ ಲೆಕ್ಕದ ಪ್ರಕಾರ ಗೆದ್ದಿರಲಿಲ್ಲ, ಎಲ್ಲರಿಗೂ ಆಸೆ ಉಳಿದಿತ್ತು. ಫೆಡರೇಷನ್ ಅಕ್ಟೋಬರ್‌ನಲ್ಲಿ ಐದು ಕ್ಲಬ್‌ಗಳನ್ನು ಪಶ್ಚಿಮ ಬಂಗಾಳಕ್ಕೆ ಕರೆಸಿ, ಪ್ರತಿ ತಂಡಕ್ಕೆ ನಾಲ್ಕು ಪಂದ್ಯಗಳಂತೆ ಒಂದು ಸುತ್ತಿನ ಅರ್ಹತಾ ಟೂರ್ನಿ ನಡೆಸಿತು. ಬೆಂಗಳೂರು ಯುನೈಟೆಡ್, ಅಹಮದಾಬಾದಿನ ಎಆರ್‌ಎ, ದೆಹಲಿಯ ಗಢ್ವಾಲ್, ಕೋಲ್ಕತ್ತದ್ದೇ ಆದ ಭವಾನಿಪುರ ಮತ್ತು ಮೊಹಮ್ಮಡನ್ ಸ್ಪೋರ್ಟಿಂಗ್. ಗೆದ್ದ ಮೊಹಮ್ಮಡನ್ ಮೇಲೆ ಹೋಯಿತು. ಅದೇ ಬಿಡುವಿನಲ್ಲಿ, ಆಗಸ್ಟ್ ತಿಂಗಳಲ್ಲಿ, ದೆಹಲಿಯ ಸುದೇವ ಮತ್ತು ವಿಶಾಖಪಟ್ಟಣದ ಶ್ರೀನಿಧಿ ಕ್ಲಬ್‌ಗಳಿಗೆ ಬಿಡ್ ಮೂಲಕ ಐ-ಲೀಗಿಗೆ ನೇರ ಪ್ರವೇಶ ದೊರೆತಿತ್ತು. ಆಡಿ ಬರುವವರಿಗೆ ಒಂದು ಜಾಗ, ಬಿಡ್ ಹಾಕಿ ಬರುವವರಿಗೆ ಎರಡು.

ನಾಲ್ಕು ಪಂದ್ಯಗಳ ಆ ಟೂರ್ನಿ ಎಷ್ಟು ತೂಕದ್ದಾಗಿತ್ತು ಎಂಬುದು ಆಮೇಲೆ ತಿಳಿಯಿತು. ಮೇಲಿನ ಹಾದಿ ಕೊನೆಗೂ ತೆರೆದು 2023ರಲ್ಲಿ ಪಂಜಾಬಿನ ತಂಡ ಐ-ಲೀಗ್ ಗೆದ್ದು ಸೂಪರ್ ಲೀಗಿಗೆ ಬಡ್ತಿ ಪಡೆದ ಮೊದಲ ತಂಡವಾಯಿತು. ಮರುವರ್ಷ ಗೆದ್ದು ಮೇಲೇರಿದ್ದು ಅದೇ ಮೊಹಮ್ಮಡನ್ ಸ್ಪೋರ್ಟಿಂಗ್. ಎರಡನೇ ಡಿವಿಷನ್ನಿನಿಂದ ದೇಶದ ಅಗ್ರ ಲೀಗಿಗೆ ನಾಲ್ಕೇ ವರ್ಷಗಳಲ್ಲಿ ಏರಿದ ಈ ಪಯಣದ ಮೊದಲ ಹೆಜ್ಜೆ 2020ರ ಅಕ್ಟೋಬರ್‌ನದು. ಮೊಹಮ್ಮಡನ್ ಮೈದಾನದಲ್ಲಿ ಗೆದ್ದೇ ಏರಿತು, ಅವರ ಶ್ರಮವನ್ನು ಕಡಿಮೆ ಮಾಡುವಂತಿಲ್ಲ. ಆದರೂ ಐದರಲ್ಲಿ ಎರಡು ತಂಡಗಳಿಗೆ ಮನೆಯಂಗಳವಾದ ರಾಜ್ಯದಲ್ಲಿ ಇಡೀ ವರ್ಷದ ಲೆಕ್ಕ ತೀರಿಸಿದ್ದು ಮಿಕ್ಕ ಮೂರು ತಂಡಗಳಿಗೆ ಸಮನಾದ ಅವಕಾಶವಾಗಿರಲಿಲ್ಲ. ಆ ಪರಿಸ್ಥಿತಿಯಲ್ಲಿ ಬೇರೆ ದಾರಿ ಏನಿತ್ತು ಎಂದು ಕೇಳಬಹುದು. ಎಲ್ಲರನ್ನೂ ಒಂದೇ ಕಡೆ ಇಟ್ಟು ಆಡಿಸುವುದು ಆಗ ಅನಿವಾರ್ಯವಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಸೂಪರ್ ಲೀಗಿನ ಮುಂದಿನ ಋತುವೂ ಪೂರ್ತಿ ಗೋವಾದಲ್ಲೇ ನಡೆಯಿತು. ಅನಿವಾರ್ಯವಲ್ಲದ್ದು ಇನ್ನೊಂದು: ಒಂದು ಜಾಗವನ್ನು ಎರಡು ಮಾಡುವುದಕ್ಕೆ ಯಾವ ವೈರಾಣುವೂ ಅಡ್ಡ ಬಂದಿರಲಿಲ್ಲ. ಹಿಂಬಡ್ತಿ ಬೇಡವೆಂದು ಐ-ಲೀಗ್ ತಂಡಗಳಿಗೆ ತೋರಿದ ಔದಾರ್ಯ ಬಾಗಿಲ ಹೊರಗೆ ನಿಂತವರಿಗೂ ಸಲ್ಲಬೇಕಿತ್ತು.

ಜನ ಸಾಯುತ್ತಿದ್ದಾಗ ಫುಟ್‌ಬಾಲಿನ ಬಡ್ತಿ ಯಾವ ಲೆಕ್ಕದ್ದು ಎಂಬುದು ಇದಕ್ಕಿಂತ ಗಂಭೀರವಾದ ಆಕ್ಷೇಪ. ರಾಯಚೂರು ಜಿಲ್ಲೆಯಲ್ಲಿ ಕುಳಿತು ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲು ಬರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಹಸಿರು ವಲಯವಾಗಿತ್ತು. ಆದರೂ ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರಿಗೆ ಆ ಹಸಿರು ಬಣ್ಣದಿಂದ ಏನೂ ಸಿಗಲಿಲ್ಲ. ಅವರ ಸಂಕಟಕ್ಕೂ ವೃತ್ತಿಪರ ಆಟಗಾರನ ಸಂಕಟಕ್ಕೂ ಅಜಗಜಾಂತರ. ಆದರೆ ದುಡಿಮೆಯ ಕಟ್ಟು ಎರಡು ಕಡೆಯೂ ಒಂದೇ ಬಗೆಯದು: ಕೆಲಸ ಹಂಗಾಮಿನದು, ಹಂಗಾಮು ಮುರಿದರೆ ಪಗಾರವೂ ಮುರಿಯುತ್ತದೆ. ಈಸ್ಟ್ ಬೆಂಗಾಲ್ ತಂಡದಲ್ಲಿ ಆಗ ಪಾಲುದಾರನಾಗಿದ್ದ ಬೆಂಗಳೂರಿನ ಕ್ವೆಸ್ ಕಂಪನಿ, ಮೇ ಕೊನೆಯವರೆಗಿದ್ದ ಆಟಗಾರರ ಒಪ್ಪಂದಗಳನ್ನು ಕೈಮೀರಿದ ಪರಿಸ್ಥಿತಿಯ ಷರತ್ತನ್ನು ಮುಂದೊಡ್ಡಿ ಏಪ್ರಿಲ್ ಕೊನೆಗೇ ಮುಗಿಸಿತು. ದೇಶದ ಅತಿ ಹಳೆಯ ಕ್ಲಬ್‌ಗಳಲ್ಲಿ ಒಂದರ ಸ್ಥಿತಿಯೇ ಹೀಗಾದರೆ ಕೆಳಗಿನ ಡಿವಿಷನ್‌ಗಳಲ್ಲಿ ತಿಂಗಳ ಲೆಕ್ಕಕ್ಕೆ ಆಡುವವರ ಗತಿ ಊಹಿಸುವುದು ಕಷ್ಟವಲ್ಲ. ಆಟಗಾರರ ಪಗಾರ ಎಂದಾಗ ಎಚ್‌ಎಎಲ್ ಮತ್ತೆ ನೆನಪಾಗುವುದು ಇದಕ್ಕೇ. ಕಾರ್ಖಾನೆ ತಂಡದ ಆಟಗಾರ ಅಲ್ಲಿನ ನೌಕರನಾಗಿರುತ್ತಿದ್ದ. ಲೀಗ್ ನಿಂತರೂ ಅವನ ಸಂಬಳ ನಿಲ್ಲುತ್ತಿರಲಿಲ್ಲ. ಆ ಕಾಲವೇ ಚೆಂದವಿತ್ತು ಎಂದು ಹಂಬಲಿಸುವುದು ನನ್ನ ಉದ್ದೇಶವಲ್ಲ, ಏಕೆಂದರೆ ಆ ತಂಡಗಳು ಪೂರ್ಣಾವಧಿ ವೃತ್ತಿಪರತೆಯ ಎದುರು ನಿಲ್ಲಲಾಗಲಿಲ್ಲ. ಆದರೆ ಆಟ ವೃತ್ತಿಯಾದಾಗ ಹಳೆಯ ಭದ್ರತೆಯನ್ನು ಕಳಚಿದವರು ಅದರ ಜಾಗದಲ್ಲಿ ಹೊಸತೇನನ್ನೂ ಇಡಲಿಲ್ಲ. ಕ್ರಿಕೆಟ್ ಮಂಡಳಿ 2020–21ರ ರಣಜಿ ಟ್ರೋಫಿಯನ್ನು ರದ್ದು ಮಾಡಿದಾಗ, ತಡವಾಗಿಯಾದರೂ, ಹಿಂದಿನ ಋತುವಿನಲ್ಲಿ ಆಡಿದವರಿಗೆ ಪಂದ್ಯ ಶುಲ್ಕದ ಶೇ 50ರಷ್ಟನ್ನು ಪರಿಹಾರವಾಗಿ ಕೊಟ್ಟಿತು. ಮಂಡಳಿಯ ಶ್ರೀಮಂತಿಕೆ ಫುಟ್‌ಬಾಲಿಗಿಲ್ಲ, ನಿಜ. ಆದರೆ ಹತ್ತು ತಂಡಗಳಿಗೆ ಬಹುಮಾನದ ಹಣವನ್ನು ಸಮನಾಗಿ ಹಂಚಿದ ಫೆಡರೇಷನ್, ಆ ಹಣದಿಂದ ಮೊದಲು ಆಟಗಾರರ ಬಾಕಿ ತೀರಬೇಕು ಎಂಬ ಷರತ್ತನ್ನು ಇಡಬಹುದಿತ್ತು. ಅದಕ್ಕೆ ಹೊಸದಾಗಿ ಒಂದು ರೂಪಾಯಿಯೂ ಬೇಕಿರಲಿಲ್ಲ.

ಬಡ್ತಿ–ಹಿಂಬಡ್ತಿ ಇದ್ದ ಯುರೋಪಿನಲ್ಲಿ ಎಲ್ಲ ಸರಿಯಾಯಿತೇ ಎಂದೂ ಕೇಳಬಹುದು. ಇಲ್ಲ. ಕಾಂಬ್ಯೂರ್ ಕೋರ್ಟಿನಲ್ಲಿ ಸೋತಿತು, ಹಾರ್ಟ್ಸ್ ಸೋತಿತು. ಆದರೆ ಅವರ ದೂರು ಕಡತದಲ್ಲಿ ದಾಖಲಾಯಿತು. ಅಪೂರ್ಣ ಋತುವನ್ನು ಅಳೆಯುವುದು ಹೇಗೆ ಎಂಬುದು ಸಾರ್ವಜನಿಕ ಚರ್ಚೆಯ ವಿಷಯವಾಯಿತು. ಕಾಂಬ್ಯೂರ್ ಮರುವರ್ಷವೇ ಎರಡನೇ ದರ್ಜೆಯನ್ನು ಗೆದ್ದು ಮೇಲೇರಿತು, ಹಾರ್ಟ್ಸ್ ಕೂಡ ಒಂದೇ ವರ್ಷದಲ್ಲಿ ಮರಳಿತು. ಏರುವ ದಾರಿ ಇದ್ದಲ್ಲಿ ಒಂದು ವರ್ಷದ ಅನ್ಯಾಯಕ್ಕೆ ಮುಂದಿನ ವರ್ಷ ಪರಿಹಾರ ಸಿಗುವ ಸಾಧ್ಯತೆ ಉಳಿಯುತ್ತದೆ.

ನಮ್ಮ ಕಡೆಯ ಹುಡುಗನೊಬ್ಬನಿಗೆ ಈ ಮಾತು ದೂರದ್ದೆನಿಸಬಾರದು. ರಾಯಚೂರಿನಲ್ಲಾಗಲಿ ಮಾನ್ವಿಯಲ್ಲಾಗಲಿ ಚೆನ್ನಾಗಿ ಆಡುವವನೊಬ್ಬ ವೃತ್ತಿಪರನಾಗಬೇಕಾದರೆ ಬೆಂಗಳೂರಿಗೇ ಹೋಗಬೇಕು. ಅಲ್ಲಿನ ಕೆಳ ಡಿವಿಷನ್‌ಗಳ ಕ್ಲಬ್ ಸೇರಿ, ಸೂಪರ್ ಡಿವಿಷನ್‌ವರೆಗೆ ಏರಿ, ರಾಷ್ಟ್ರೀಯ ಲೀಗಿನ ತಂಡವೊಂದರ ಕಣ್ಣಿಗೆ ಬೀಳಬೇಕು. ತುಂಗಭದ್ರೆಯಾಚೆ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ಜೆಎಸ್‌ಡಬ್ಲ್ಯುವಿನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ, ಬೆಂಗಳೂರು ಎಫ್‌ಸಿ ತನ್ನ ಋತುಪೂರ್ವ ತರಬೇತಿಯನ್ನು ಅಲ್ಲಿ ನಡೆಸಿದ್ದುಂಟು. ಆ ಹುಲ್ಲುಹಾಸು ನಮಗೆ ಹತ್ತಿರ, ಅಲ್ಲಿಗೆ ತಲುಪುವ ಕ್ರಮಬದ್ಧ ಜಿಲ್ಲಾ ಲೀಗ್ ಮಾತ್ರ ದೂರ. ಆದ್ದರಿಂದ ಎರಡನೇ ಡಿವಿಷನ್ನಿನ ಒಂದು ಜಾಗ ಕಳೆದುಹೋದರೆ ಅದರ ನಷ್ಟ ಒಂದು ಕ್ಲಬ್ಬಿಗಷ್ಟೇ ಅಲ್ಲ, ಆ ಸಾಲಿನ ತುದಿಯಲ್ಲಿ ನಿಂತ ಜಿಲ್ಲೆಗಳಿಗೂ ತಗಲುತ್ತದೆ.

ಇದೆಲ್ಲ ಶತಮಾನಕ್ಕೊಮ್ಮೆ ಬರುವ ರೋಗದ ಮಾತು, ಅದಕ್ಕಾಗಿ ನಿಯಮ ಬರೆದಿಡುವುದೇಕೆ ಎನ್ನುವವರಿಗೆ 2025 ಉತ್ತರ ಕೊಟ್ಟಿದೆ. ಹದಿನೈದು ವರ್ಷಗಳ ಆ ವಾಣಿಜ್ಯ ಒಪ್ಪಂದ ಮುಗಿಯುವ ಹೊತ್ತಿಗೆ ನವೀಕರಣ ಆಗದೆ, ಜುಲೈ ತಿಂಗಳಲ್ಲಿ ಸೂಪರ್ ಲೀಗಿನ ಮುಂದಿನ ಋತುವನ್ನು ಸಂಘಟಕರು ತಡೆಹಿಡಿದರು. ಆಗಸ್ಟ್ ಆರಂಭದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಆಗ ದೇಶದಲ್ಲಿ ಯಾವ ಲಾಕ್‌ಡೌನ್ ಕೂಡ ಇರಲಿಲ್ಲ. ಋತು ಶುರುವಾಗುವ ಮೊದಲೇ ನಿಯಮಾವಳಿಯಲ್ಲಿ ಬರೆಯಬೇಕಾದದ್ದು ಹೆಚ್ಚೇನಿಲ್ಲ: ಎಷ್ಟು ಪಂದ್ಯ ನಡೆದಿದ್ದರೆ ಪಟ್ಟಿ ಸಿಂಧು, ಅದಕ್ಕಿಂತ ಕಡಿಮೆಯಾದರೆ ಬಡ್ತಿ ಯಾರಿಗೆ ಮತ್ತು ಹೇಗೆ, ಆಟ ನಿಂತ ದಿನದಿಂದ ಒಪ್ಪಂದದ ಕೊನೆಯವರೆಗೆ ಆಟಗಾರನಿಗೆ ಕನಿಷ್ಠ ಎಷ್ಟು, ಆ ಹಣ ಯಾರ ಠೇವಣಿಯಿಂದ. ಈ ನಾಲ್ಕು ಸಾಲುಗಳು ಸೂಪರ್ ಲೀಗಿನ ಜೊತೆಗೆ ರಾಜ್ಯ ಸಂಸ್ಥೆಯ ಕೆಳಗಿನ ಡಿವಿಷನ್ನಿಗೂ ಅನ್ವಯಿಸಬೇಕು, ಏಕೆಂದರೆ ಠೇವಣಿ ಇಲ್ಲದ ಆಟಗಾರರು ಹೆಚ್ಚು ಇರುವುದು ಅಲ್ಲೇ.